ಬಳ್ಳಾರಿ ಬಿಸಿಲಿಗೆ ಬಿಳಿ ರೆಕ್ಕೆ: ಮನೆಯಲ್ಲೇ ಕಟ್ಟುವ ಫೈಬರ್ ವಿಮಾನದ ಒಳಗುಟ್ಟು

[ದೃಶ್ಯ: ರಾಯಚೂರು, ತೀನ್ ಕಂದಿಲ್. ಮೇ ತಿಂಗಳ ಮಧ್ಯಾಹ್ನ 2 ಗಂಟೆ. ಬಿಸಿಲಲ್ಲಿ ನಿಂತ ಬೈಕಿನ ಕಪ್ಪು ಸೀಟು, ಪಕ್ಕದಲ್ಲೊಂದು ಬಿಳಿ ಕಾರು]

ಈ ಕಪ್ಪು ಸೀಟಿನ ಮೇಲೆ ಅಂಗೈ ಇಟ್ಟು ಐದು ಎಣಿಸೋಕೆ ಹೋದ್ರೆ ಎರಡಕ್ಕೇ ಕೈ ತೆಗೀತೀರಿ. ಪಕ್ಕದ ಬಿಳಿ ಕಾರಿನ ಬಾನೆಟ್ ಕೂಡ ಸುಡುತ್ತೆ, ಆದ್ರೆ ಅಷ್ಟಿಲ್ಲ. ಅದೇ ಬಿಸಿಲು, ಅದೇ ಹೊತ್ತು.

ನಮ್ಮ ನೋಡುಗರು ಮತ್ತೆ ಮತ್ತೆ ಕೇಳೋ ಒಂದು ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ಶೆಡ್ಡಿನಲ್ಲಿ ಜನ ತಾವೇ ಕಟ್ಟಿಕೊಳ್ಳೋ ಫೈಬರ್ ವಿಮಾನಗಳು ಹೆಚ್ಚುಕಡಿಮೆ ಎಲ್ಲವೂ ಯಾಕೆ ಬಿಳಿ? ಅದರ ಬೆನ್ನಿಗೇ ಇನ್ನೊಂದು: ಬಳ್ಳಾರಿ, ರಾಯಚೂರು, ಕೊಪ್ಪಳದ ಬಿಸಿಲಲ್ಲಿ ಇಂಥದ್ದನ್ನ ಕಟ್ಟೋಕೆ, ಇಟ್ಟುಕೊಳ್ಳೋಕೆ ಆಗುತ್ತಾ? ಆಗುತ್ತೆ. ಆದ್ರೆ ತಂಪು ದೇಶದಲ್ಲಿ ಒಂದು ಸಾಲಿನ ಎಚ್ಚರಿಕೆಯಾಗಿ ಮುಗಿಯೋ ವಿಷಯ ನಮ್ಮಲ್ಲಿ ಮೊದಲ ದಿನದಿಂದ ಕೊನೆ ದಿನದವರೆಗೂ ಕೆಲಸವನ್ನ ಆಳುತ್ತೆ. ಅದು ಶಾಖ.

[ಶೀರ್ಷಿಕೆ ಪಟ್ಟಿ. ಸಂಗೀತ 5 ಸೆಕೆಂಡ್]

ಮೂಲ ವಿಷಯ ಬೇಗ ಹೇಳಿಬಿಡ್ತೀನಿ. ಕಾಂಪೊಸಿಟ್ ಅಂದ್ರೆ ಒಳಗೆ ಹಗುರ ಫೋಮ್, ಹೊರಗೆ ಗಾಜಿನ ಎಳೆಯ ಬಟ್ಟೆ, ಎರಡನ್ನೂ ಹಿಡಿದಿಡೋ ಎಪಾಕ್ಸಿ ರಾಳ. ಕೊಪ್ಪಳದ ಕುಷ್ಟಗಿ, ಯಲಬುರ್ಗಾ ಕಡೆ ಹೋದ್ರೆ ಕಾಣೋ ಗಾಳಿಯಂತ್ರದ ರೆಕ್ಕೆಗಳ ಜಾತಿಯೂ ಇದೇ. ವಿಮಾನದಲ್ಲಿ ಈ ವಿಧಾನವನ್ನ ಸಾಮಾನ್ಯ ಜನರ ಕೈಗೆ ತಂದವರು ಅಮೆರಿಕದ ಬರ್ಟ್ ರುಟಾನ್. 1975ರಲ್ಲಿ ಹಾರಿದ ವೇರಿ-ಈಝಿ, 1979ರ ಲಾಂಗ್-ಈಝಿ, ಎರಡಕ್ಕೂ ಅಚ್ಚು ಬೇಕಿರಲಿಲ್ಲ. ಫೋಮನ್ನೇ ರೆಕ್ಕೆಯ ಆಕಾರಕ್ಕೆ ಕೊಯ್ದು, ಅದರ ಮೇಲೆ ಬಟ್ಟೆ ಹಾಸಿದ್ರೆ ಆಯ್ತು. ಇದು ದೂರದ ಕಥೆ ಅಂದ್ಕೋಬೇಡಿ. ನಮ್ಮ ಬೆಂಗಳೂರಿನ ಎನ್‌ಎಎಲ್ ಅನ್ನೋ ವಿಮಾನ ಸಂಶೋಧನಾ ಸಂಸ್ಥೆ ಲಾಂಗ್-ಈಝಿ ವಿನ್ಯಾಸದ ಮೇಲೆ ಕಟ್ಟಿದ ಪುಟ್ಟ ವಿಮಾನ 1987ರಲ್ಲೇ ಹಾರಿತು. ಅದೇ ಸಂಸ್ಥೆಯ ಫೈಬರ್ ವಿಮಾನ ಹಂಸ-3ಕ್ಕೆ 2000ದಲ್ಲಿ ದೇಶದ ವಿಮಾನಯಾನ ನಿಯಂತ್ರಕ ಡಿಜಿಸಿಎಯ ಪ್ರಮಾಣಪತ್ರ ಸಿಕ್ಕಿತು.

[ದೃಶ್ಯ: ಮೇಜಿನ ಮೇಲೆ ನೀಲಿ ಫೋಮ್ ದಿಮ್ಮಿ, ಎರಡು ತುದಿಗೂ ಮೊಳೆ ಹೊಡೆದ ಪ್ಲೈವುಡ್ ಟೆಂಪ್ಲೇಟ್]

ಫೋಮ್ ಕೊಯ್ಯೋದು ಕಾದ ತಂತಿಯಿಂದ. ಈ ಟೆಂಪ್ಲೇಟ್ ನೋಡಿ, ಅಂಚಿನುದ್ದಕ್ಕೂ ಗೀಟು ಹಾಕಿ ನಂಬರ್ ಬರೆದಿದೆ. ರೆಕ್ಕೆ ಬುಡದಲ್ಲಿ ಅಗಲ, ತುದಿಯಲ್ಲಿ ಕಿರಿದು. ಹಾಗಾಗಿ ಬುಡದ ಕಡೆ ನಿಂತವರು ಹೆಚ್ಚು ದೂರ ಸಾಗಬೇಕು, ತುದಿಯವರು ಕಡಿಮೆ. ಒಬ್ಬರು "ಹನ್ನೆರಡು" ಅಂತ ಕೂಗಿದಾಗ ಇನ್ನೊಬ್ಬರ ತಂತಿಯೂ ಹನ್ನೆರಡನೇ ಗೀಟಿನ ಮೇಲೇ ಇರಬೇಕು. ಒಬ್ಬರು ಮುಂದೆ ಹೋದ್ರೆ ರೆಕ್ಕೆ ತಿರುಚುತ್ತೆ. ತಂತಿಯನ್ನ ಒತ್ತಬಾರದು, ಅದು ತಾನಾಗಿ ಸಾಗಬೇಕು. ಒತ್ತಿದ್ರೆ ನಡುಭಾಗ ಹಿಂದೆ ಉಳಿದು, ರೆಕ್ಕೆಯ ಮೂಗು ತಗ್ಗು ಬೀಳುತ್ತೆ.

ಫೋಮಿನ ವಿಷಯದಲ್ಲಿ ಎರಡು ಮಾತು. ಪ್ಯಾಕಿಂಗಿಗೆ ಬರೋ ಕಾಳುಕಾಳಿನ ಥರ್ಮಾಕೋಲ್ ಇದಕ್ಕೆ ಬೇಡವೇ ಬೇಡ. ಬೇಕಿರೋದು ಪ್ಲಾನ್ ಹೇಳಿದ ದರ್ಜೆಯ ಎಕ್ಸ್‌ಟ್ರೂಡೆಡ್ ಪಾಲಿಸ್ಟೈರೀನ್, ಅಂದ್ರೆ ಈ ನೀಲಿ ಫೋಮ್, ಒಂದು ಘನ ಮೀಟರಿಗೆ ಸುಮಾರು 32 ಕೆಜಿ ತೂಗೋದು. ಇನ್ನೊಂದು, ಯುರೆಥೇನ್ ಫೋಮಿಗೆ ಕಾದ ತಂತಿ ತಾಗಿಸಲೇಬೇಡಿ. ಅದರ ಹೊಗೆಯಲ್ಲಿ ಸಯನೈಡ್ ಅನಿಲ ಇರುತ್ತೆ. ಅದನ್ನ ಚಾಕು, ಮರಳು ಕಾಗದದಿಂದಲೇ ಕೆತ್ತಬೇಕು.

[ದೃಶ್ಯ: ಬಳ್ಳಾರಿಯ ಜೀನ್ಸ್ ಘಟಕ. ಕಟಿಂಗ್ ಮೇಜು, ನೀಲಿ ಡೆನಿಮ್ ಥಾನು]

ಈಗ ಈ ವಿಡಿಯೋದಲ್ಲಿ ನನಗೆ ಅತಿ ಪ್ರಿಯವಾದ ಭಾಗ. ಅದಕ್ಕೆ ಬಳ್ಳಾರಿ ಜೀನ್ಸ್ ಬೇಕು.

ನಿಮ್ಮ ಪ್ಯಾಂಟಿನ ಬಟ್ಟೆಯನ್ನ ಹತ್ತಿರದಿಂದ ನೋಡಿ. ಸಣ್ಣ ಸಣ್ಣ ಓರೆ ಗೆರೆ ಕಾಣುತ್ತಲ್ಲ, ಆ ನೇಯ್ಗೆಗೆ ಟ್ವಿಲ್ ಅಂತಾರೆ. ರುಟಾನ್ ವಿಮಾನಗಳಿಗೆ ಬಳಸೋ ಬಿಡ್ ಅನ್ನೋ ಗಾಜಿನ ಬಟ್ಟೆಯೂ ಟ್ವಿಲ್ ನೇಯ್ಗೆಯದ್ದೇ. ಒಂದು ತುಂಡು ಡೆನಿಮ್ ತಗೊಂಡು ಹಾಸಿನ ದಾರದ ಉದ್ದಕ್ಕೆ ಎಳೀರಿ. ಜಗ್ಗಲ್ಲ. ಹೊಕ್ಕಿನ ಉದ್ದಕ್ಕೂ ಜಗ್ಗಲ್ಲ. ಮೂಲೆಯಿಂದ ಮೂಲೆಗೆ ಎಳೀರಿ, ಹಿಗ್ಗುತ್ತೆ! ಚೌಕ ಇದ್ದದ್ದು ಗಾಳಿಪಟದ ಆಕಾರಕ್ಕೆ ಬರುತ್ತೆ. ಕಾಲಿನ ತುಂಡನ್ನ ಸ್ವಲ್ಪ ಕ್ರಾಸ್ ಆಗಿ ಕತ್ತರಿಸಿದ್ರೆ ನಾಲ್ಕು ಸಲ ಒಗೆದ ಮೇಲೆ ಹೊಲಿಗೆ ಮೊಣಕಾಲಿನ ಮುಂದೆ ತಿರುಗಿ ಬರುತ್ತೆ ಅಂತ ಕಟಿಂಗ್ ಮಾಸ್ಟರಿಗೆ ಯಾರೂ ಹೇಳಿಕೊಡಬೇಕಿಲ್ಲ.

ವಿಮಾನ ಕಟ್ಟೋರು ಇದೇ ಗುಣವನ್ನ ಬೇಕಂತಲೇ ಬಳಸ್ತಾರೆ. ರೆಕ್ಕೆಗೆ ಎರಡು ಥರದ ಪೆಟ್ಟು. ಒಂದು, ಮೇಲಕ್ಕೆ ಬಾಗೋದು. ಅದನ್ನ ತಡೆಯೋದು ಸ್ಪಾರ್, ಅಂದ್ರೆ ರೆಕ್ಕೆಯ ಬೆನ್ನೆಲುಬು. ಅಲ್ಲಿ ಎಳೆಗಳು ಬುಡದಿಂದ ತುದಿಗೆ ನೆಟ್ಟಗೆ ಓಡಬೇಕು, ಒಂದೇ ದಿಕ್ಕಿನ ಎಳೆಯಿರೋ ಯುನಿ ಬಟ್ಟೆ ಅದಕ್ಕೇ. ಎರಡನೇದು, ಬಟ್ಟೆ ಹಿಂಡಿದ ಹಾಗೆ ತಿರುಚೋದು. ತಿರುಚುವಾಗ ಎಳೆತ ಬೀಳೋದು ಓರೆಗೆ, 45 ಡಿಗ್ರಿಯಲ್ಲಿ. ಹಾಗಾಗಿ ಹಾಸು ಹೊಕ್ಕು ಎರಡೂ ಆ ಓರೆಯಲ್ಲೇ ಕೂರೋ ಹಾಗೆ ಬಿಡ್ ಬಟ್ಟೆಯನ್ನ ಕ್ರಾಸ್ ಆಗಿ ಕತ್ತರಿಸ್ತಾರೆ. ಡೆನಿಮಿನ ಆ ಹಿಗ್ಗು ರಾಳ ಗಟ್ಟಿಯಾದ ಮೇಲೆ ಇರಲ್ಲ. ಎಳೆ ಎತ್ತ ಕೂತಿತ್ತೋ ಅತ್ತ ಬಲ, ಅಷ್ಟೇ.

ಕ್ರಾಸ್ ತುಂಡಿಗೆ ಇನ್ನೊಂದು ಲಾಭ ಇದೆ. ಅದು ಮೂಲೆ, ಗುಂಡುಭಾಗಕ್ಕೆ ಸುಕ್ಕಿಲ್ಲದೆ ಕೂರುತ್ತೆ. ಆದ್ರೆ ಕತ್ತರಿಸಿದ ತುಂಡನ್ನ ಮೂಲೆ ಹಿಡಿದು ಎತ್ತಿದ್ರೆ ಉದ್ದ ಆಗಿ ಅಗಲ ಕಮ್ಮಿ ಆಗುತ್ತೆ. ಪ್ಲಾಸ್ಟಿಕ್ ಹಾಳೆಯ ಮೇಲೆ ಸುರುಳಿ ಸುತ್ತಿ ಒಯ್ದು, ಜಾಗದಲ್ಲೇ ಬಿಡಿಸಿ. ಎಳೆ ಡೊಂಕಾದ್ರೆ ಬಟ್ಟೆಯ ಅಂಚು ಎಳೆದು ಆಗಲೇ ಸರಿ ಮಾಡಿ. ಒಣಗಿದ ಮೇಲೆ ಡೊಂಕು ಡೊಂಕೇ.

[ದೃಶ್ಯ: ತಕ್ಕಡಿ, ಕಾಗದದ ಕಪ್ಪು, ರಾಳ ಕಲಸುವ ಕೈ]

ಸರಿ, ರಾಳ. ಎಂಜಿಎಸ್ 285 ಅನ್ನೋ ಎಪಾಕ್ಸಿ ತಗೊಂಡ್ರೆ 100 ಗ್ರಾಂ ರಾಳಕ್ಕೆ, ಅದನ್ನ ಗಟ್ಟಿ ಮಾಡೋ ಹಾರ್ಡ್ನರ್ 40 ಗ್ರಾಂ. ಹೆಚ್ಚಾದ್ರೂ ಕಡಿಮೆಯಾದ್ರೂ 2 ಗ್ರಾಂ ಮೀರಬಾರದು. 1 ಗ್ರಾಂ ತೋರಿಸೋ ತಕ್ಕಡಿ ಬೇಕೇ ಬೇಕು. ಬೇಗ ಗಟ್ಟಿಯಾಗಲಿ ಅಂತ ಹಾರ್ಡ್ನರ್ ಜಾಸ್ತಿ ಹಾಕೋದು ದೊಡ್ಡ ತಪ್ಪು. ಎಪಾಕ್ಸಿಯಲ್ಲಿ ಎರಡೂ ಒಂದಕ್ಕೊಂದು ಲೆಕ್ಕದ ಪ್ರಕಾರ ಕೂಡಬೇಕು. ಮಿಕ್ಕಿದ್ದು ಒಳಗೇ ಉಳಿದು ರಾಳ ಯಾವತ್ತಿಗೂ ಮೆತ್ತಗಿರುತ್ತೆ.

ನಮ್ಮೂರಿನ ಕಷ್ಟ ಇಲ್ಲಿಂದ ಶುರು. ಈ ಕೆಲಸಕ್ಕೆ ಹಿತವಾದ ತಾಪ 25 ಡಿಗ್ರಿ ಸುಮಾರು. ಪ್ರತಿ 10 ಡಿಗ್ರಿ ಏರಿದಾಗ ರಾಳ ಕೈಗೆ ಸಿಗೋ ಸಮಯ ಅರ್ಧ ಆಗುತ್ತೆ. 25ರಲ್ಲಿ 40 ನಿಮಿಷ ಸಿಗೋ ರಾಳ 35ರಲ್ಲಿ 20 ನಿಮಿಷಕ್ಕೇ ಅಂಟಂಟಾಗುತ್ತೆ. ದೊಡ್ಡ ಕಪ್ಪಿನಲ್ಲಿ ಕಲಸಿಟ್ಟರೆ ಅದರ ಶಾಖ ಅದರಲ್ಲೇ ಕೂಡಿ ಹೊಗೆ ಏಳುತ್ತೆ. ಕಪ್ಪಿಗೆ 150 ಗ್ರಾಂ ಮೀರದ ಹಾಗೆ ಕಲಸಿ, ತಕ್ಷಣ ಬಟ್ಟೆ ಮೇಲೆ ಸುರಿದು ಹರಡಿ. ಫೆಬ್ರವರಿಯಿಂದ ಜೂನ್‌ವರೆಗೆ ಬೆಳಗಿನ 4ರಿಂದ 8 ಗಂಟೆಯ ಹೊತ್ತೇ ಲೇಸು. ಮಳೆಗಾಲದಲ್ಲಿ ತೇವ ಹೆಚ್ಚಾದ್ರೆ ಗಟ್ಟಿಯಾದ ರಾಳದ ಮೇಲೆ ಮೇಣದಂಥ ಜಿಡ್ಡು ಕೂರುತ್ತೆ. ಅದನ್ನ ಮರಳು ಕಾಗದದಿಂದ ಉಜ್ಜಿದ್ರೆ ಒಳಕ್ಕೆ ಮೆತ್ತಿಕೊಳ್ಳುತ್ತೆ. ಮೊದಲು ನೀರಲ್ಲಿ ತೊಳೆದು, ಒಣಗಿಸಿ, ಆಮೇಲೆ ಉಜ್ಜಿ.

ಫೋಮಿನ ಮೇಲೆ ಬಟ್ಟೆ ಹಾಸೋ ಮೊದಲು ಮೈಕ್ರೋ ಸವರ್ತಾರೆ. ರಾಳಕ್ಕೆ ಟೊಳ್ಳು ಗಾಜಿನ ಸೂಕ್ಷ್ಮ ಗುಂಡುಗಳನ್ನ ಅಳತೆಗೆ ಅಳತೆ ಸಮ ಬೆರೆಸಿದ ಗಂಜಿ ಅದು. ಶಕ್ತಿನಗರದ ಆರ್‌ಟಿಪಿಎಸ್ ವಿದ್ಯುತ್ ಸ್ಥಾವರದ ಚಿಮಣಿ ನೋಡಿದೀರಲ್ಲ? ಕಲ್ಲಿದ್ದಲು ಉರಿದಾಗ ಬರೋ ಹಾರುಬೂದಿಯಲ್ಲೂ ಇಂಥವೇ ಟೊಳ್ಳು ಗುಂಡುಗಳು ತಾವಾಗೇ ಹುಟ್ಟುತ್ತವೆ, ಬೂದಿ ಕೆರೆಯಲ್ಲಿ ತೇಲ್ತವೆ. ಆದ್ರೆ ಅವು ವಿಮಾನದ ಗಾಜಿನ ಗುಂಡಿಗಿಂತ ಮೂರ್ನಾಲ್ಕು ಪಟ್ಟು ಭಾರ, ಬದಲಿಗೆ ಬಳಸೋ ಹಾಗಿಲ್ಲ. ಇನ್ನೂ ಒಂದು ಎಚ್ಚರ: ಮೈಕ್ರೋ ಇರೋದು ತುಂಬೋಕೆ, ಜೋಡಿಸೋಕಲ್ಲ. ಬಲ ಬೀಳೋ ಕೀಲಿಗೆ ಹತ್ತಿ ನಾರು ಬೆರೆಸಿದ ಫ್ಲಾಕ್ಸ್ ಬೇಕು.

[ದೃಶ್ಯ: ಬಿಳಿ, ಹಳದಿ, ಕೆಂಪು, ಕಪ್ಪು ಬಣ್ಣದ ನಾಲ್ಕು ಫೈಬರ್ ತುಂಡುಗಳು ಬಿಸಿಲಿನಲ್ಲಿ. ಪ್ರತಿಯೊಂದರ ಮೇಲೂ ಥರ್ಮಾಮೀಟರ್]

ಈಗ ಬಿಳಿ ಬಣ್ಣಕ್ಕೆ ಬರೋಣ. ಗಾಳಿಯಾಡದ ಮಧ್ಯಾಹ್ನ ಬಿಳಿ ಮೇಲ್ಮೈ ಗಾಳಿಗಿಂತ 15–20 ಡಿಗ್ರಿ ಹೆಚ್ಚು ಕಾಯುತ್ತೆ, ಕಪ್ಪು 40 ಡಿಗ್ರಿಗೂ ಮೀರಿ. ರಾಯಚೂರಿನಲ್ಲಿ 43 ಡಿಗ್ರಿ ಇದ್ದ ದಿನ ಲೆಕ್ಕ ಹಾಕಿ: ಬಿಳಿ ರೆಕ್ಕೆ 60ರ ಆಸುಪಾಸು, ಕಪ್ಪು ರೆಕ್ಕೆ 80ರ ಮೇಲೆ. ನೀಲಿ ಫೋಮ್ ತಾಳೋದು ಸುಮಾರು 74 ಡಿಗ್ರಿವರೆಗೆ ಮಾತ್ರ. ಕಪ್ಪು ಬಳಿದ್ರೆ ತಿರುಳೇ ಕುಗ್ಗುತ್ತೆ.

ಬಿಳಿ ಬಳಿದ್ರೆ ಮುಗೀತಾ? ನಮ್ಮಲ್ಲಿ ಇಲ್ಲ. ಯುರೋಪಿನಲ್ಲಿ ಬಿಳಿ ಬಣ್ಣದ ಫೈಬರ್ ಗ್ಲೈಡರ್‌ಗಳ ಬಲಪರೀಕ್ಷೆಯನ್ನ 54 ಡಿಗ್ರಿಗೆ ಕಾಯಿಸಿ ಮಾಡೋದು ವಾಡಿಕೆ. ನಮ್ಮ ಮೇ ತಿಂಗಳಲ್ಲಿ ಬಿಳಿ ರೆಕ್ಕೆಯ ಕಾವು ಅದನ್ನೂ ದಾಟುತ್ತೆ. ಕೋಣೆಯ ತಾಪದಲ್ಲೇ ಗಟ್ಟಿಯಾದ ರಾಳ ಎಷ್ಟೋ ಸಲ 55–60ಕ್ಕೇ ಮೆತ್ತಗಾಗೋಕೆ ಶುರು ಮಾಡುತ್ತೆ. ರಾಳದ ಸ್ವಭಾವ ಹೀಗೆ: ಗಟ್ಟಿಯಾಗುವಾಗ ತಾನು ಕಂಡ ಶಾಖಕ್ಕಿಂತ ತುಸು ಮೇಲಿನವರೆಗೆ ಮಾತ್ರ ಅದು ನಿಲ್ಲುತ್ತೆ. ಆದ್ದರಿಂದ ಪೋಸ್ಟ್ ಕ್ಯೂರ್, ಅಂದ್ರೆ ಗಟ್ಟಿಯಾದ ಮೇಲೆ ಮತ್ತೆ ಕಾಯಿಸೋದು, ಇಲ್ಲಿ ಬಿಡೋ ಹಾಗೇ ಇಲ್ಲ. ರೆಕ್ಕೆಯ ಸುತ್ತ ಇನ್ಸುಲೇಷನ್ ಹಲಗೆಗಳ ಡೇರೆ ಕಟ್ಟಿ, ಹೀಟರ್ ಮತ್ತು ಫ್ಯಾನ್ ಇಟ್ಟು, ಗಂಟೆಗೆ 10 ಡಿಗ್ರಿ ಮೀರದಂತೆ ಏರಿಸ್ತಾ 55–60ರಲ್ಲಿ 10ರಿಂದ 15 ಗಂಟೆ. ನಿಖರ ಅಂಕಿ ನಿಮ್ಮ ರಾಳದ ತಯಾರಕರ ಹಾಳೆಯಲ್ಲಿರುತ್ತೆ, ಅದೇ ಅಂತಿಮ. ಥರ್ಮಾಮೀಟರ್ ಮೇಲೊಂದು, ಕೆಳಗೊಂದು ಇರಲಿ, ಬಿಸಿ ಗಾಳಿ ಮೇಲೇ ಕೂರುತ್ತೆ. ರೆಕ್ಕೆ ಈ ಹೊತ್ತಿನಲ್ಲಿ ತನ್ನ ಜಿಗ್ಗಿನಲ್ಲೇ, ಅಂದ್ರೆ ಆಕಾರ ಹಿಡಿದಿಡೋ ಚೌಕಟ್ಟಿನಲ್ಲೇ ಇರಬೇಕು. ಎರಡು ಇಟ್ಟಿಗೆ ಮೇಲೆ ಇಟ್ಟು ಕಾಯಿಸಿದ್ರೆ ನಡುವೆ ಜೋತು ಬಿದ್ದು, ಆ ಜೋತೇ ಶಾಶ್ವತ ಆಗುತ್ತೆ.

ಹಾರಿದ ಮೇಲೆ ಗಾಳಿಯೇ ರೆಕ್ಕೆಯನ್ನ ತಣಿಸುತ್ತೆ. ಅಪಾಯ ಇರೋದು ನೆಲದ ಮೇಲೆ, ಕಾದು ನಿಂತ ವಿಮಾನ ಹೊರಡೋ ಮೊದಲ ನಿಮಿಷಗಳಲ್ಲಿ. ನೆರಳಿನ ಶೆಡ್ ಇಲ್ಲದವರು ನಮ್ಮ ಮೂರೂ ಜಿಲ್ಲೆಗಳಲ್ಲಿ ಇಂಥ ವಿಮಾನ ಇಟ್ಟುಕೊಳ್ಳಬಾರದು. ಈ ಮಾತಿನಲ್ಲಿ ನಾನು ರಾಜಿ ಆಗಲ್ಲ.

[ದೃಶ್ಯ: ಹಳೆಯ ರೆಕ್ಕೆಯ ಮೇಲೆ ನಾಣ್ಯದಿಂದ ಬಡಿಯುವ ಕೈ. ಶಬ್ದ ಸ್ಪಷ್ಟವಾಗಿ ಕೇಳಿಸಲಿ]

ಹಳೇದನ್ನ ಕೊಳ್ಳೋರಿಗೆ: ಒಂದು ನಾಣ್ಯ ತಗೊಂಡು ಹೋಗಿ. ಎರಡೆರಡು ಬೆರಳಿನ ಅಂತರದಲ್ಲಿ ಬಡೀರಿ. ಟಕ್ ಟಕ್ ಅಂದ್ರೆ ಸರಿ. ನಡುವೆ ಒಂದು ಕಡೆ ದೊಬ್ ಅಂದ್ರೆ ಅಲ್ಲಿ ಬಟ್ಟೆ ಫೋಮ್ ಬಿಟ್ಟಿದೆ. ಕಲ್ಲಂಗಡಿ ಬಡಿದು ನೋಡೋರಿಗೆ ಈ ಕಿವಿ ಇದ್ದೇ ಇರುತ್ತೆ. ರೆಕ್ಕೆಯ ಹೊರಪದರದಲ್ಲಿ ಸಣ್ಣ ಗುಳ್ಳೆ ಇದ್ರೆ ಒಂದು ಕಡೆ ತೂತು ಮಾಡಿ ರಾಳ ತುಂಬಿಸಿ, ಇನ್ನೊಂದು ತೂತಿನಿಂದ ಹೊರಬರೋವರೆಗೆ ಬಿಡ್ತಾರೆ. ಸ್ಪಾರ್ ಮೇಲೆ ದೊಬ್ ಅಂದ್ರೆ ಮಾತ್ರ ಬೆಲೆ ಮಾತಾಡದೆ ವಾಪಸ್ ಬನ್ನಿ.

ಪೆಟ್ರೋಲ್ ಟ್ಯಾಂಕಿನ ಸುತ್ತ ಇನ್ನೂ ಹತ್ತಿರ ಹತ್ತಿರ ಬಡೀರಿ. ಪಾಲಿಸ್ಟೈರೀನ್ ಪೆಟ್ರೋಲಿನಲ್ಲಿ ಕರಗಿಹೋಗುತ್ತೆ. ಟ್ಯಾಂಕಿನ ಗೋಡೆಗೆ ಬೇರೆ ಫೋಮ್ ಹಾಕಿರ್ತಾರೆ, ಆದ್ರೆ ಸೋರಿಕೆ ಪಕ್ಕದ ರೆಕ್ಕೆಯ ತಿರುಳಿಗೆ ಮುಟ್ಟಿದ್ರೆ ಒಳಗೆ ಟೊಳ್ಳು, ಹೊರಗೆ ಬಣ್ಣ ಫಳಫಳ. ನಮ್ಮ ಬಂಕುಗಳ ಪೆಟ್ರೋಲಿನಲ್ಲಿ ಈಗ 20% ಎಥನಾಲ್. ಹಳೆ ಟ್ಯಾಂಕಿನ ಸೀಲಂಟ್ ಅದಕ್ಕೆ ಪದರ ಪದರವಾಗಿ ಏಳಬಹುದು. ಪುಟ್ಟ ವಿಮಾನಗಳಿಗೆ ಹಾಕೋ ರೋಟ್ಯಾಕ್ಸ್ 912 ಎಂಜಿನ್ನಿಗೂ 10% ಎಥನಾಲ್‌ವರೆಗೆ ಮಾತ್ರ ಒಪ್ಪಿಗೆ.

ಸಮಯ ಮೀರ್ತಿದೆ, ಉಳಿದದ್ದು ಬೇಗ ಬೇಗ. ಹಳೇ ಬಣ್ಣ ತೆಗೆಯೋಕೆ ಪೇಂಟ್ ರಿಮೂವರ್ ಬೇಡ, ಅದು ಎಪಾಕ್ಸಿಯನ್ನೂ ತಿನ್ನುತ್ತೆ. ಕೈಯಿಂದಲೇ ಉಜ್ಜಿ, ಗಾಜಿನ ಎಳೆ ಕಂಡ ಕೂಡಲೇ ನಿಲ್ಲಿಸಿ. ಒಡೆದ ಜಾಗಕ್ಕೆ ತೇಪೆ ಹಾಕುವಾಗ ಪ್ರತಿ ಪದರಕ್ಕೆ 25 ಮಿ.ಮೀ. ಮೆಟ್ಟಿಲು ಬಿಟ್ಟು, ಮೊದಲಿದ್ದ ಎಳೆಯ ದಿಕ್ಕಿನಲ್ಲೇ ಹಾಸಿ. ಲಾಂಗ್-ಈಝಿ ಆದ್ರೆ ಮುಂದಿನ ಪುಟ್ಟ ರೆಕ್ಕೆ ಯಾವ ವಿನ್ಯಾಸದ್ದು ಅಂತ ಕೇಳಿ. ಹಳೇ ಜಿಯು ವಿನ್ಯಾಸ ಮಳೆ ಹನಿ ಬಿದ್ದಾಗ ಎತ್ತುಬಲ ಕಳ್ಕೊಳ್ಳುತ್ತೆ, ಜಾನ್ ರಾಂಕ್ಜ್ ಅವರ ವಿನ್ಯಾಸ ಅದನ್ನ ಸರಿ ಮಾಡಿತು. ತೂಕ ಹಾಕಿಸಿ: ಪ್ಲಾನ್ ಪ್ರಕಾರ ಖಾಲಿ ತೂಕ 320 ಕೆಜಿ ಆಸುಪಾಸು, ಬಹಳ ಮೀರಿದ್ರೆ ರಾಳ ಧಾರಾಳ ಸುರಿದಿದ್ದಾರೆ ಅಂತ ಅರ್ಥ. ಕಾದ ಗಾಳಿ ತೆಳು. ಹಾಗಾಗಿ ಸುಮಾರು 400 ಮೀಟರ್ ಎತ್ತರದ ರಾಯಚೂರು 43 ಡಿಗ್ರಿ ದಿನ ವಿಮಾನಕ್ಕೆ 1,500 ಮೀಟರ್ ಎತ್ತರದ ಊರಿನ ಹಾಗೆ ಇರುತ್ತೆ, ಓಡುದಾರಿ ಉದ್ದ ಬೇಕು. ಕಾಗದಪತ್ರದ ವಿಷಯ, ಫೋಮ್ ಕೊಳ್ಳೋ ಮೊದಲೇ ಡಿಜಿಸಿಎಗೆ ಬರೀರಿ. ಮುಂಬೈಯ ಅಮೋಲ್ ಯಾದವ್ ತಾವೇ ಕಟ್ಟಿದ ಲೋಹದ ವಿಮಾನಕ್ಕೆ ನೋಂದಣಿ ಸಿಕ್ಕಿದ್ದು 2017ರಲ್ಲಿ, ಹಾರೋ ಅನುಮತಿ 2019ರಲ್ಲಿ.

[ದೃಶ್ಯ: ರಟ್ಟಿನ ಪೆಟ್ಟಿಗೆ ತುಂಬ ಗಟ್ಟಿಯಾದ ರಾಳದ ಕಪ್ಪುಗಳು, ಪ್ರತಿಯೊಂದರ ಮೇಲೂ ತಾರೀಖು]

ಕೊನೆಗೆ, ಮಾರೋರನ್ನ ಇದೊಂದು ಕೇಳಿ: "ಸರ್, ರಾಳ ಕಲಸಿದ ಕಪ್ಪುಗಳ ಡಬ್ಬಿ ಇದೆಯಾ?" ಶ್ರದ್ಧೆಯಿಂದ ಕಟ್ಟಿದವರು ಪ್ರತಿ ದಿನದ ಕಪ್ಪಿನಲ್ಲಿ ಉಳಿದ ರಾಳವನ್ನ ತಾರೀಖು, ಭಾಗದ ಹೆಸರು ಬರೆದು ಎತ್ತಿಟ್ಟಿರ್ತಾರೆ. ಬಣ್ಣದ ಕೆಳಗಿನ ರಾಳ ನಿಮಗೆ ಕಾಣಲ್ಲ, ಕಪ್ಪಿನದ್ದು ಕಾಣುತ್ತೆ. ಎಡ ರೆಕ್ಕೆಯ ಸ್ಪಾರಿನ ಕಪ್ಪು ಹುಡುಕಿ, ಉಗುರಿನಿಂದ ಒತ್ತಿ. ಗೀರು ಬೀಳಬಾರದು.