ಸುಲ್ತಾನರ ಹಮಾಮು ಬೆಂಗಳೂರಿಗೆ ಬರೂದಿಲ್ರೀ!

ನಮಸ್ಕಾರ್ರೀ ಎಲ್ಲಾರಿಗೂ. ಇವತ್ತ ಬ್ಯಾರೆ ವಿಷಯ ಇತ್ತು, ಸ್ಕ್ರಿಪ್ಟೂ ಬರ್ದಿದ್ದೆ. ಆದ್ರ ಹೋದ ವಾರದ ಬೀದರ್ ಕೋಟಿ ವಿಡಿಯೋ ಕೆಳಗ ಒಬ್ಬ ಮಹಾಶಯ ಬರ್ದಾನ: "ಆ ಮೂಲೆಯಲ್ಲಿ ಮ್ಯೂಸಿಯಂ ಯಾಕೆ? ಎಲ್ಲಾ ಬೆಂಗಳೂರಿಗೆ ತಂದಿಡಿ, ನಾಲ್ಕು ಜನ ನೋಡ್ತಾರೆ."

ಮೂಲಿ ಅಂತ! ಯಾರಿಗೆ ಮೂಲಿ ಅಪ್ಪಾ? ಬಹಮನಿ ಸುಲ್ತಾನರು ಕಲಬುರಗಿ ಬಿಟ್ಟು ಬಂದು ರಾಜಧಾನಿ ಮಾಡಿಕೊಂಡ ಊರದು. 1470ರ ಸುಮಾರಿಗೆ ರಷ್ಯಾದಿಂದ ಅಫನಾಸಿ ನಿಕಿತಿನ್ ಅನ್ನೋ ವ್ಯಾಪಾರಿ ಬಂದು ಹೋಗ್ಯಾನ, ಗೂಗಲ್ ಮ್ಯಾಪ್ ಇಲ್ದನ. ನಿನಗ ರಾತ್ರಿ ರೈಲು ಹತ್ತಾಕ ಆಗವಲ್ದು.

ನಾ ಹೇಳೂದು ಒಂದ ಮಾತು. ಊರಿನ ವಸ್ತು ಊರಾಗ ಇರಬೇಕು. ಬೀದರ್ ಕೋಟಿಯೊಳಗಿನ ಮ್ಯೂಸಿಯಂ ಇರೂದು ಎಲ್ಲಿ? ಹಳೇ ಶಾಹಿ ಹಮಾಮಿನಾಗ. ಸುಲ್ತಾನರ ಬಚ್ಚಲಮನಿ ರೀ! ಆ ದಪ್ಪ ಗ್ವಾಡಿ ನಡುವ ನಿಂತು ಒಂದು ಕಲ್ಲು ನೋಡಿ, ಹೊರಗ ಬಂದ್ರ 1423ರ ಸೋಲಾ ಖಂಬಾ ಮಸೀದಿ. ಗುಂಬಜ್ ದರ್ವಾಜಾ ಕಡೆ ನಡದ್ರ ರಂಗೀನ್ ಮಹಲ್, ಕರೀ ಕಲ್ಲಿನಾಗ ಮುತ್ತಿನ ಚಿಪ್ಪು ಕೂಡ್ಸ್ಯಾರ. ಇದನ್ನೂ ಪ್ಯಾಕ್ ಮಾಡ್ಲೇನು?

ನಮ್ಮ ಬೀದರಿನ ಬಿದ್ರಿ ಕೆಲಸ, ಅಂದ್ರ ಲೋಹದ ಪಾತ್ರಿ ಮ್ಯಾಲೆ ಬೆಳ್ಳಿ ಕೂಡ್ಸೋ ಕಲೆ, ಹತ್ರಿಂದ ನೋಡೀರೇನು? ಸತು, ತಾಮ್ರ ಸೇರ್ಸಿ ಎರಕ ಹೊಯ್ದು, ಉಳಿಯಿಂದ ಗೆರಿ ಕೆತ್ತಿ, ಅದರಾಗ ಬೆಳ್ಳಿ ತಂತಿ ಬಡೀತಾರ. ಅಲ್ಲೀತನ ಮಂಕು ಮಂಕು. ಆಮ್ಯಾಲೆ ಬಿಸಿಲು, ಮಳಿ ಕಾಣದ ಹಳೇ ಕೋಟಿ ಮಣ್ಣು ತಂದು, ನಾಲಿಗಿ ಮ್ಯಾಲೆ ಇಟ್ಟು ರುಚಿ ನೋಡಿ, ನವಸಾಗರ ಅನ್ನೋ ಉಪ್ಪಿನ ನೀರಿನಾಗ ಕಲಸಿ ತಿಕ್ಕಿದ್ರ ಪಾತ್ರಿ ಕಾಡಿಗಿ ಹಂಗ ಕಪ್ಪಾಗ್ತದ, ಬೆಳ್ಳಿ ಅಷ್ಟ ಹೊಳೀತದ. 2006ರಾಗ ಜಿಐ ಟ್ಯಾಗ್ (ಇದು ಈ ಊರಿಂದ ಅನ್ನೋ ಸರ್ಕಾರಿ ಗುರುತು) ಬಂತು, 2023ರಾಗ ಬಿದ್ರಿ ಕಲಾವಿದ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂತು. ಕೋಟಿ ಮಣ್ಣಿಂದ ಬಣ್ಣ ಬರೋ ಊರಿನ ಚರಿತ್ರಿ ಕೋಟಿಯೊಳಗ ಬ್ಯಾಡ ಅಂತೀರಿ! ಮಣ್ಣೂ ಕೊರಿಯರ್ ಮಾಡ್ಲಿ?

(ಹಾಂ, ನಮ್ಮವ್ವನ ಬಿದ್ರಿ ಪಾನ್‌ದಾನದ ಮ್ಯಾಲೆ ಒಂದು ಶಾರ್ಟ್ಸ್ ಅದ, ನೋಡ್ರಿ. ಅವ್ವ ದಿನಾ ವ್ಯೂಸ್ ಕೇಳ್ತಾಳ.)

"ಬೆಂಗಳೂರಾಗ ಹೆಚ್ಚು ಜನ ನೋಡ್ತಾರ" ಅಂತ ವಾದ. ಹಂಗಾದ್ರ ಗೋಲಗುಮ್ಮಟಾನೂ ಬಿಚ್ಚಿ ಮೆಜೆಸ್ಟಿಕ್‌ನಾಗ ಕೂಡ್ಸ್ರಿ. ಬಸ್ಸಿನ ಅನೌನ್ಸ್‌ಮೆಂಟ್ ಏಳೇಳು ಸಲ ಕೇಳ್ತದ! "ಅಲ್ಲಿ ಭದ್ರ ಇರ್ತದ" ಅಂತ ಇನ್ನೊಬ್ಬ. ಏ ತಮ್ಮಾ, ಬಂಡೆಗಲ್ಲು ಕಡದು ಮೂರು ಸಾಲು ಕಂದಕ ಮಾಡಿದ ಕೋಟಿಗೆ ನೀ ಭದ್ರತಾ ಪಾಠ ಹೇಳ್ತೀಯಾ?

ಲಂಡನ್‌ನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಾಗ ಬಿದ್ರಿ ಹುಕ್ಕಾ ಅದ. ಅದಕ್ಕ "ನಮ್ದು ನಮಗ ಕೊಡ್ರಿ" ಅಂತ ಪೋಸ್ಟ್ ಹಾಕೋವ್ರು ನೀವ. ಬೀದರ್ ಮಂದಿ ಅದ ಮಾತು ಬೆಂಗಳೂರಿಗೆ ಹೇಳಿದ್ರ ಮಾತ್ರ ಮೂಲಿ! ನಾವು ಮೊದಲ ಹೈದರಾಬಾದ್ ಸಂಸ್ಥಾನದಾಗ, ಆಮ್ಯಾಲೆ 1956ರ ತನಕ ಹೈದರಾಬಾದ್ ರಾಜ್ಯದಾಗ ಇದ್ವಿ. ಕರ್ನಾಟಕಕ್ಕ ಸೇರಿದ್ದು ಸಾಮಾನು ಕೊಟ್ಟು ಕೈ ತೊಳ್ಕೊಳ್ಳಾಕೇನು?

ಊರಿನ ವಸ್ತು ಊರಾಗ! ಇನ್ನೂ ಮೂರು ಕಾರಣ ಬರ್ದಿದ್ದೆ, ಚೀಟಿ ಎಲ್ಲೋ ಹೋತು. ಇರ್ಲಿ ಬಿಡ್ರಿ. ಊರಾಗ ಅಂದ್ರ ಊರಾಗ, ಮುಗೀತು. ಒಪ್ಪಿದ್ರ ಲೈಕ್ ಒತ್ರಿ. ಒಪ್ಪಲಿಲ್ಲಂದ್ರೂ ಒತ್ರಿ, ಬೈಯಾಕ ಸುಲಭ ಆಗ್ತದ. ಮುಂದಿನ ವಾರ ಬಸವಕಲ್ಯಾಣ ಕೋಟಿ. ಆ ಮಹಾಶಯರೇ, ನೀವೂ ಬರ್ರಿ, ರೊಟ್ಟಿ ಊಟ ನಂದು. ಟಿಕೇಟು ನೀವ ತೆಗೀಬೇಕು.