ಪೆನ್‌ಡ್ರೈವ್ ಜೇಬಲ್ಲಿಟ್ಟುಕೊಂಡು ಅಂಗಡಿಗೆ ಹೋಗಿ

ನಮಸ್ಕಾರ ಕೇಳುಗರೇ.

ಮದುವೆ ಸೀಸನ್ ಮುಗಿಯುತ್ತಿದ್ದಂತೆ ನನಗೆ ಬರುವ ಫೋನುಗಳಲ್ಲಿ ಹೆಚ್ಚಿನವು ಒಂದೇ ಪ್ರಶ್ನೆಯವು. "ಅಣ್ಣಾ, ಎಡಿಟಿಂಗ್‌ಗೆ ಕಂಪ್ಯೂಟರ್ ಸಿಸ್ಟಮ್ ತಗೋಬೇಕು. ಹೊಸದೇ ಬೇಕಾ, ಸೆಕೆಂಡ್ ಹ್ಯಾಂಡ್ ಸಾಕಾ?" ಕೇಳುವವರು ತಾಲ್ಲೂಕು ಊರುಗಳಲ್ಲಿ ಸಣ್ಣ ಸ್ಟುಡಿಯೊ ಇಟ್ಟುಕೊಂಡ ಹುಡುಗರು. ಕ್ಯಾಮೆರಾಕ್ಕೆ ಮಾಡಿದ ಸಾಲವೇ ಇನ್ನೂ ತೀರಿರುವುದಿಲ್ಲ. ಅವರಿಗೆ ಅವಸರದಲ್ಲಿ ಹೇಳಿದ್ದನ್ನು ಇವತ್ತು ಸಾವಧಾನವಾಗಿ ಹೇಳುತ್ತೇನೆ.

ಮೊದಲು ನನಗಾದದ್ದನ್ನು ಕೇಳಿ. ಕೆಲವು ವರ್ಷಗಳ ಹಿಂದೆ, ಯಾವುದೋ ಕಂಪನಿಯ ಕಚೇರಿಯಿಂದ ಹೊರಬಿದ್ದ ಹಳೆಯ ವರ್ಕ್‌ಸ್ಟೇಷನ್ ಒಂದನ್ನು ಕೊಂಡೆ. 14 ಕೋರ್, ಅಂದರೆ ಪ್ರೊಸೆಸರಿನೊಳಗೆ ಕೆಲಸ ಮಾಡುವ 14 ಘಟಕ, 64 ಜಿಬಿ ರ‍್ಯಾಮ್, ಒಬ್ಬರೇ ಎತ್ತಲಾಗದಂಥ ಕ್ಯಾಬಿನೆಟ್. ಅಂಗಡಿಯವರು "ಇದು ಆನೆ ಸರ್" ಅಂದರು, ನಾನೂ ನಂಬಿದೆ. ಹಳೆಯ ಕ್ಯಾಮೆರಾದ ಕ್ಲಿಪ್‌ಗಳನ್ನು ಅದು ಸಲೀಸಾಗಿಯೇ ಓಡಿಸಿತು. ಆಮೇಲೆ 4ಕೆ ಕ್ಯಾಮೆರಾ ಬಂತು. ಒಂದು ಮದುವೆಯ ಧಾರೆಯ ಭಾಗ. ಎರಡು ಕ್ಯಾಮೆರಾದ ಕ್ಲಿಪ್‌ಗಳನ್ನು ಟೈಮ್‌ಲೈನಿಗೆ ಹಾಕಿ ಪ್ಲೇ ಒತ್ತಿದೆ. ಗಟ್ಟಿಮೇಳ ಕೇಳಿಸುತ್ತಿದೆ, ಚಿತ್ರ ಮಾತ್ರ ಅಂತರಪಟದ ಮೇಲೇ ನಿಂತುಬಿಟ್ಟಿದೆ. ಅದು ಮತ್ತೆ ಅಲುಗಾಡುವಷ್ಟರಲ್ಲಿ ಅಂತರಪಟ ಸರಿದು, ಜೀರಿಗೆ-ಬೆಲ್ಲವೂ ಮುಗಿದು, ಹುಡುಗಿ ಹಾರ ಎತ್ತಿದ್ದಳು. ಯಾವ ಕ್ಷಣದಲ್ಲಿ ಕತ್ತರಿಸಬೇಕೋ ಆ ಕ್ಷಣವೇ ಕಣ್ಣಿಗೆ ಸಿಗಲಿಲ್ಲ.

ಕಾರಣ ಗೊತ್ತಾಗಲು ನನಗೆ ವಾರ ಹಿಡಿಯಿತು. ಈಗಿನ ಕ್ಯಾಮೆರಾಗಳು, ಮೊಬೈಲ್‌ಗಳು ಚಿತ್ರವನ್ನು ಎಚ್. 264 ಅಥವಾ ಎಚ್. 265 ಎಂಬ ಕ್ರಮದಲ್ಲಿ ಹಿಂಡಿ ಇಡುತ್ತವೆ. ಒಂದು ಚಿತ್ರವನ್ನು ಪೂರ್ತಿ ಬರೆದುಕೊಂಡು, ಮುಂದಿನ ಹತ್ತಾರು ಚಿತ್ರಗಳಲ್ಲಿ ಏನು ಬದಲಾಯಿತು ಅನ್ನುವುದನ್ನಷ್ಟೇ ಗುರುತು ಹಾಕಿಕೊಳ್ಳುತ್ತವೆ. ನಾವು ಮಧ್ಯದ ಒಂದು ಚಿತ್ರದ ಮೇಲೆ ನಿಂತರೆ, ಕಂಪ್ಯೂಟರ್ ಹಿಂದಿನ ಪೂರ್ತಿ ಚಿತ್ರಕ್ಕೆ ಹೋಗಿ ಅಲ್ಲಿಂದ ಒಂದೊಂದೇ ಬಿಚ್ಚಿಕೊಂಡು ಬರಬೇಕು. ಈ ಬಿಚ್ಚುವ ಕೆಲಸಕ್ಕೇ ಅಂತ ಪ್ರೊಸೆಸರಿನ ಗ್ರಾಫಿಕ್ಸ್ ಭಾಗದಲ್ಲಿ ಒಂದು ಚಿಕ್ಕ ಅಂಗ ಇರುತ್ತದೆ. ಇಂಟೆಲ್ 2011ರಿಂದ ಕೊಡುತ್ತಿರುವ ಅದರ ಹೆಸರು ಕ್ವಿಕ್ ಸಿಂಕ್. ನಾನು ಕೊಂಡ ಸರ್ವರ್ ಜಾತಿಯ ಪ್ರೊಸೆಸರಿನಲ್ಲಿ ಗ್ರಾಫಿಕ್ಸೇ ಇರಲಿಲ್ಲ. ಜೊತೆಗಿದ್ದ ಹಳೆಯ ಗ್ರಾಫಿಕ್ಸ್ ಕಾರ್ಡಿಗೆ ಎಚ್. 265 ಬಿಚ್ಚಲು ಬರುತ್ತಿರಲಿಲ್ಲ. 14 ಕೋರ್‌ಗಳೂ ಸೇರಿ ಒದ್ದಾಡಿದವು, ಅಷ್ಟೆ.

ಆದ್ದರಿಂದ ಹೊಸದೋ ಹಳೆಯದೋ ಅಂತ ಕೇಳಿದವರಿಗೆ ನಾನು ತಿರುಗಿ ಕೇಳುತ್ತೇನೆ: ನಿನ್ನ ಕ್ಯಾಮೆರಾ ಯಾವುದು, ಅದು ಯಾವ ಫೈಲ್ ಕೊಡುತ್ತೆ? ಬಣ್ಣದ ಛಾಯೆಗಳನ್ನು ಹೆಚ್ಚು ನಯವಾಗಿ ಹಿಡಿಯುವ 10 ಬಿಟ್ ಎಚ್. 265 ಆದರೆ ಇಂಟೆಲ್‌ನ 7ನೇ ಜನರೇಷನ್ನಿನಿಂದ, ಅಂದರೆ 7ನೇ ಪೀಳಿಗೆಯ ಪ್ರೊಸೆಸರಿನಿಂದ, ಈಚಿನದು ಬೇಕು. ಅದೇ ಎಚ್. 265ನ್ನು ಬಣ್ಣದ ವಿವರ ಹೆಚ್ಚಿರುವ 4:2:2 ಕ್ರಮದಲ್ಲಿ ಶೂಟ್ ಮಾಡುವವರು 11ನೇ ಜನರೇಷನ್ನಿಗಿಂತ ಕೆಳಗೆ ನೋಡುವುದೇ ಬೇಡ. ವಿಂಡೋಸ್ 11 ಕೂಡ ಒಂದೆರಡು ಅಪವಾದ ಬಿಟ್ಟರೆ 8ನೇ ಜನರೇಷನ್ನಿಗಿಂತ ಹಳೆಯದನ್ನು ಅಧಿಕೃತವಾಗಿ ಒಪ್ಪುವುದಿಲ್ಲ, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೇ ಮೈಕ್ರೋಸಾಫ್ಟ್ ಬೆಂಬಲ ನಿಲ್ಲಿಸಿದೆ. ಅಂಗಡಿಯಲ್ಲಿ "ಐ7 ಇದೆ" ಅಂದರೆ ಅಷ್ಟಕ್ಕೇ ಬೆರಗಾಗಬೇಡಿ; ಐ3, ಐ7 ಅನ್ನುವುದು ಇಂಟೆಲ್ ಪ್ರೊಸೆಸರಿನ ದರ್ಜೆ ಮಾತ್ರ. ಡೆಸ್ಕ್‌ಟಾಪಿನಲ್ಲಿ 2014ರ ಸಾಮಾನ್ಯ ಐ7ಕ್ಕೂ 4 ಕೋರ್, 2022ರ ಐ3ಕ್ಕೂ 4 ಕೋರ್. ಕೆಲಸದಲ್ಲಿ ಐ3 ಮುಂದೆ. ನಂಬರಿನ ಕೊನೆಗೆ ಎಫ್ ಅಕ್ಷರ ಇದ್ದರೆ ಅದರಲ್ಲಿ ಗ್ರಾಫಿಕ್ಸ್ ಇಲ್ಲ ಅಂತ ಅರ್ಥ, ಕ್ವಿಕ್ ಸಿಂಕೂ ಇಲ್ಲ. ಅದನ್ನು ಕೊಳ್ಳುವವರು ಒಳ್ಳೆಯ ಗ್ರಾಫಿಕ್ಸ್ ಕಾರ್ಡಿಗೆ ಬೇರೆ ದುಡ್ಡು ಎತ್ತಿಡಬೇಕು.

ಇಷ್ಟು ಸರಿಯಿದ್ದರೆ ಸೆಕೆಂಡ್ ಹ್ಯಾಂಡ್ ಡೆಸ್ಕ್‌ಟಾಪ್ ಧೈರ್ಯವಾಗಿ ಕೊಳ್ಳಿ ಅನ್ನುವವನು ನಾನು. ಪ್ರೊಸೆಸರ್, ರ‍್ಯಾಮ್ ಸುಲಭಕ್ಕೆ ಸವೆಯುವ ವಸ್ತುಗಳಲ್ಲ. ಅದರಲ್ಲೂ 2025ರ ಕೊನೆಯಲ್ಲಿ ರ‍್ಯಾಮ್ ಬೆಲೆ ಏರಿದ ಮೇಲೆ, 32 ಜಿಬಿ ಆಗಲೇ ಕೂತಿರುವ ಹಳೆಯ ಸಿಸ್ಟಮ್ಮಿನ ಬೆಲೆಯೇ ಬೇರೆ. ಲ್ಯಾಪ್‌ಟಾಪ್ ವಿಷಯಕ್ಕೆ ನಾನು ಅಷ್ಟು ಧೈರ್ಯ ಹೇಳಲಾರೆ; ಎಡಿಟ್ ಆದ ವಿಡಿಯೊವನ್ನು ಕೊನೆಯ ಫೈಲಾಗಿ ತಯಾರಿಸುವ ರೆಂಡರ್ ಕೆಲಸವನ್ನು ದಿನಕ್ಕೆ ಎಂಟು ಗಂಟೆ ಹಾಕಿದರೆ ಅದರ ಶಾಖ ಅದಕ್ಕೇ ಶತ್ರು. 2020ರಲ್ಲಿ ಬಂದ ಆ್ಯಪಲ್‌ನ ಎಂ1 ಮ್ಯಾಕ್ ಮಿನಿ ಈಗಲೂ ಎಡಿಟಿಂಗ್‌ಗೆ ಒಳ್ಳೆಯದೇ. ಆದರೆ ಅದರ ರ‍್ಯಾಮ್ ಆಮೇಲೆ ಹೆಚ್ಚಿಸಲು ಬರುವುದಿಲ್ಲ, 16 ಜಿಬಿಯದ್ದು ಸಿಕ್ಕರೆ ಮಾತ್ರ ನೋಡಿ. ಹಳೆಯ ಮಾಲೀಕರ ಆ್ಯಪಲ್ ಖಾತೆಯನ್ನು ಅದರಿಂದ ತೆಗೆಸದೆ ದುಡ್ಡು ಕೊಡಬೇಡಿ.

ಹಳೆಯದು ಬೇಡವೇ ಬೇಡ ಅನ್ನುವ ವಸ್ತು ಒಂದಿದೆ, ಡಿಸ್ಕ್. ಸೆಕೆಂಡಿಗೆ 100 ಮೆಗಾಬಿಟ್, ಅಂದರೆ 100 ಎಂಬಿಪಿಎಸ್‌ನಲ್ಲಿ ಶೂಟ್ ಮಾಡಿದರೆ ಗಂಟೆಗೆ 45 ಜಿಬಿ. ಎರಡು ಕ್ಯಾಮೆರಾ, ಆರಾರು ಗಂಟೆ ಅಂದರೆ ಒಂದೇ ಮದುವೆಗೆ 540 ಜಿಬಿ. ಯಾರದೋ ಕಚೇರಿಯಲ್ಲಿ ಸಾವಿರಾರು ಗಂಟೆ ತಿರುಗಿದ ಹಾರ್ಡ್ ಡಿಸ್ಕಿನ ಮೇಲೆ ಅದನ್ನು ಹೇಗೆ ಇಡುತ್ತೀರಿ? ಪ್ರೊಸೆಸರ್ ಹೋದರೆ ಇನ್ನೊಂದು ತರಬಹುದು. ಹುಡುಗಿಯ ಅಜ್ಜಿ ಅಕ್ಷತೆ ಹಾಕಿದ ಆ ಗಳಿಗೆಯನ್ನು ಎಲ್ಲಿಂದ ತರುತ್ತೀರಿ? ಕೆಲವೊಮ್ಮೆ ಆ ಅಜ್ಜಿಯ ಕೊನೆಯ ವಿಡಿಯೊ ನಮ್ಮ ಬಳಿಯೇ ಇರುತ್ತದೆ. ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ ಡಿಸ್ಕ್) ಹೊಸದು ಕೊಳ್ಳಿ, ಬಿಲ್ ಇಟ್ಟುಕೊಳ್ಳಿ, ಇನ್ನೊಂದು ಪ್ರತಿ ಬೇರೆ ಡಿಸ್ಕಿನಲ್ಲಿ ಇರಲಿ. ಅದಕ್ಕೆ ಯುಪಿಎಸ್ಸನ್ನೂ ಸೇರಿಸಿಕೊಳ್ಳಿ.

ಹೊಸದೇ ಕೊಳ್ಳಬೇಕಾದವರೂ ಇದ್ದಾರೆ. ಜಿಎಸ್‌ಟಿ ರೆಗ್ಯುಲರ್ ನೋಂದಣಿ ಇರುವವರಿಗೆ ಬಿಲ್ಲಿನ ತೆರಿಗೆ ಸಾಮಾನ್ಯವಾಗಿ ಲೆಕ್ಕದಲ್ಲಿ ವಾಪಸ್ ಸಿಗುತ್ತದೆ. ಒಂದು ದಿನ ಸಿಸ್ಟಮ್ ಕೈಕೊಟ್ಟರೆ ನಾಲ್ಕು ಪಾರ್ಟಿಗೆ ಉತ್ತರ ಹೇಳಬೇಕಾದವರಿಗೆ ವಾರಂಟಿ ದೊಡ್ಡ ಆಸರೆ. ಅವರು ಹಿಂದೆಮುಂದೆ ನೋಡಬೇಕಿಲ್ಲ.

ಈ ಸಲ ಫೋನ್ ಮಾಡಿದ ಹುಡುಗನೊಬ್ಬ ಬೆಂಗಳೂರಿನ ಕಂಪ್ಯೂಟರ್ ಅಂಗಡಿಗಳ ಬೀದಿ ಎಸ್.ಪಿ. ರೋಡಿಗೆ ಹೊರಟಿದ್ದ. "ನಿನ್ನ ಕ್ಯಾಮೆರಾದ್ದೇ ಕ್ಲಿಪ್, ಧಾರೆಯದ್ದು, ಪೆನ್‌ಡ್ರೈವಲ್ಲಿ ತಗೊಂಡು ಹೋಗು. ನೀನು ಬಳಸೋ ಸಾಫ್ಟ್‌ವೇರಲ್ಲೇ ಹಾಕಿಸಿ, ಹಿಂದಕ್ಕೂ ಮುಂದಕ್ಕೂ ಎಳೆದು ನೋಡು. ಅದಕ್ಕೆ ಒಪ್ಪದ ಅಂಗಡಿಯಿಂದ ಎದ್ದು ಬಾ" ಅಂದಿದ್ದೆ. ಮಧ್ಯಾಹ್ನ ಮೂರರ ಹೊತ್ತಿಗೆ ಅಂಗಡಿಯಿಂದಲೇ ಫೋನ್ ಬಂತು. ಮಾತಿಲ್ಲ, ಬರೀ ಗಟ್ಟಿಮೇಳ; ಫೋನನ್ನು ಸ್ಪೀಕರ್ ಹತ್ತಿರ ಹಿಡಿದಿದ್ದ. ಆಮೇಲೆ, "ಅಣ್ಣಾ, 12ನೇ ಜನರೇಷನ್ನು. ಜೀರಿಗೆ ಉದುರೋದು ಒಂದೊಂದೂ ಕಾಣ್ತಿದೆ" ಅಂದ.

ಅದರಲ್ಲಿರೋ ಹಳೆ ಡಿಸ್ಕ್ ಬಿಚ್ಚಿಸಿ, ಹೊಸದು ಹಾಕಿಸಿಕೊಂಡೇ ಬಸ್ ಹತ್ತು ಅಂದೆ.

ನಮಸ್ಕಾರ.