ಶಿಫ್ಟ್ ಮುಗಿಯುವವರೆಗೂ ಕಿವಿ ಮೇಲಿರುವ ಇಯರ್‌ಮಫ್

ಎಲ್ಲರಿಗೂ ನಮಸ್ಕಾರ.

ನೀವೆಲ್ಲ ಗದ್ದಲದ ನಡುವೆಯೇ ಕೆಲಸ ಮಾಡುವವರು. ಸದ್ದಿನಿಂದ ಕಿವಿ ಹೋಗುತ್ತದೆ, ಹೋದದ್ದು ವಾಪಸ್ ಬರಲ್ಲ ಅನ್ನೋದು ನಿಮಗೆ ಗೊತ್ತಿರುವ ಮಾತು. ನೇರವಾಗಿ ಕೇಳುತ್ತೇನೆ. ಇಯರ್‌ಮಫ್ ಅಂದರೆ ಎರಡೂ ಕಿವಿ ಮುಚ್ಚಿ ಸದ್ದು ತಡೆಯುವ ಕಪ್ಪುಗಳು. ಅದನ್ನು ಕೊಳ್ಳುವಾಗ ಮೊದಲು ಏನು ನೋಡುತ್ತೀರಿ? ಎಷ್ಟು ಸದ್ದು ತಗ್ಗಿಸುತ್ತದೆ ಅಂತ ಪೆಟ್ಟಿಗೆ ಮೇಲೆ ಬರೆದ ನಂಬರ್, ಅಲ್ವಾ? ನಂಬರ್ ಜಾಸ್ತಿ ಇದ್ದಷ್ಟೂ ಒಳ್ಳೆಯದು ಅಂತ ತಂದುಬಿಡುತ್ತೇವೆ. ನನ್ನ ತಕರಾರು ಇರುವುದೇ ಇಲ್ಲಿ. ಶಿಫ್ಟ್ ಪೂರ್ತಿ ಕಿವಿ ಮೇಲೆ ಉಳಿಯುವ ಮಫ್ಫೇ ಒಳ್ಳೆಯ ಮಫ್. ನಂಬರ್ ಆಮೇಲಿನ ಮಾತು.

ಒಂದು ಲೆಕ್ಕ ನೋಡಿ. ಸದ್ದನ್ನು ಅಳೆಯುವುದು ಡೆಸಿಬಲ್‌ನಲ್ಲಿ. 30 ಡೆಸಿಬಲ್ ತಗ್ಗಿಸುವ ಮಫ್ ಇದೆ ಅಂದುಕೊಳ್ಳಿ. 8 ಗಂಟೆಯ ಶಿಫ್ಟಿನಲ್ಲಿ ಅಲ್ಲಿ ಇಲ್ಲಿ ತೆಗೆದು ಒಟ್ಟು 30 ನಿಮಿಷ ಬರಿ ಕಿವಿಯಲ್ಲಿದ್ದರೆ, ಇಡೀ ದಿನಕ್ಕೆ ಸಿಕ್ಕ ರಕ್ಷಣೆ 12 ಡೆಸಿಬಲ್ ದಾಟುವುದಿಲ್ಲ. ಯಾಕೆ? ಸದ್ದು 3 ಡೆಸಿಬಲ್ ಏರಿದರೆ ಅದರ ಶಕ್ತಿ ಎರಡು ಪಟ್ಟಾಗುತ್ತದೆ. 85 ಡೆಸಿಬಲ್ ಸದ್ದಿನಲ್ಲಿ ಬರಿ ಕಿವಿಯಲ್ಲಿ 8 ಗಂಟೆ ಇರಬಹುದು ಅಂತಾದರೆ 88ರಲ್ಲಿ 4 ಗಂಟೆ, 100ರಲ್ಲಿ ಬರೀ 15 ನಿಮಿಷ. ಆ ಅರ್ಧ ಗಂಟೆ ಉಳಿದ ಏಳೂವರೆ ಗಂಟೆಯ ಶ್ರಮವನ್ನೆಲ್ಲ ನುಂಗಿಹಾಕುತ್ತದೆ.

ಗ್ರೈಂಡಿಂಗ್ ಮಾಡುವ ಒಬ್ಬರನ್ನು ನೋಡಿದ್ದೆ. ಅಲ್ಲಿದ್ದದ್ದರಲ್ಲೇ ದೊಡ್ಡ ನಂಬರಿನ ಮಫ್ ಅವರದ್ದು. ಸೂಪರ್‌ವೈಸರ್ ಬಂದರು, ಇವರು ಹೆಬ್ಬೆರಳಿನಿಂದ ಎಡಗಡೆಯ ಕಪ್ ಎತ್ತಿದರು. ಪಕ್ಕದವರು ಕರೆದರು, ಮತ್ತೆ ಎತ್ತಿದರು. ಕೊನೆಗೆ ಯಾರೂ ಕರೆಯದೇ ಇದ್ದಾಗಲೂ ಎತ್ತುತ್ತಿದ್ದರು! ಯಾಕಣ್ಣ ಅಂತ ಕೇಳಿದೆ. "ಸರ್, ವೀಲ್ ಸವೆದರೆ ಅದರ ದನಿ ಬದಲಾಗುತ್ತೆ. ಇದನ್ನು ಹಾಕಿಕೊಂಡರೆ ಅದು ಕೇಳಿಸಲ್ಲ, ಭಯ ಆಗುತ್ತೆ" ಅಂದರು. ಅವರು ಹೇಳಿದ್ದು ನೂರಕ್ಕೆ ನೂರು ಸರಿ. ಹಿಂದಿನಿಂದ ಬರುವ ಫೋರ್ಕ್‌ಲಿಫ್ಟ್ ಹಾರ್ನ್ ಕೂಡ ಕೇಳಿಸಬೇಕು. ಕಿವಿಗೆ ತಲುಪುವ ಸದ್ದು 70ಕ್ಕಿಂತ ಕೆಳಗಿಳಿದರೆ ಅದು ಅತಿಯಾದ ರಕ್ಷಣೆ ಅಂತ ಯೂರೋಪಿನ ಇಎನ್ 458 ಮಾರ್ಗಸೂಚಿಯೇ ಹೇಳುತ್ತದೆ. 75ರಿಂದ 80ರ ಮಧ್ಯೆ ಬಂದರೆ ಚೆಂದ. ಅವರಿಗೆ ಕಡಿಮೆ ನಂಬರಿನದ್ದು ಕೊಡಿಸಿದ ಮೇಲೆ ಹೆಬ್ಬೆರಳು ಸುಮ್ಮನಾಯಿತು.

ಹಾಗಂತ ನಂಬರ್ ನೋಡಲೇಬೇಡಿ ಅಂತಲ್ಲ. ಮೊದಲು ನಿಮ್ಮ ಜಾಗದ ಸದ್ದನ್ನು ಅಳೆಸಿ. ಪೆಟ್ಟಿಗೆ ಮೇಲೆ ಎನ್‌ಆರ್‌ಆರ್ (ಸದ್ದು ಎಷ್ಟು ತಗ್ಗುತ್ತದೆ ಅನ್ನುವ ಅಮೆರಿಕದ ಅಳತೆ) 27 ಅಂತ ಬರೆದಿದ್ದರೆ ಅಷ್ಟನ್ನೂ ಕಳೆಯಬೇಡಿ, ಅದು ಪ್ರಯೋಗಾಲಯದ ಅಂಕಿ. ಮಾಮೂಲಿ ಮೀಟರಿನ ಎ ಅಳತೆಗೆ, ಅಂದರೆ ನಮ್ಮ ಕಿವಿ ಕೇಳುವ ರೀತಿಗೆ ಹೊಂದಿಸಿದ ಅಳತೆಗೆ, ಅದರಿಂದ 7 ತೆಗೆಯಿರಿ, 20 ಉಳಿಯಿತು. ಕೆಲಸದ ಜಾಗದಲ್ಲಿ ಅದರ ಅರ್ಧ ನಂಬಿ ಅನ್ನುತ್ತದೆ ಅಮೆರಿಕದ ಕಾರ್ಮಿಕ ಸುರಕ್ಷತಾ ಸಂಸ್ಥೆ ಓಷಾ. ಅಂದರೆ 95ರ ಸದ್ದು 85ಕ್ಕೆ ಬಂತು. ಎಸ್‌ಎನ್‌ಆರ್ ಅಂತ ಇದ್ದರೆ ಅದು ಯೂರೋಪಿನ ಬೇರೆ ಅಳತೆ. ಎರಡನ್ನೂ ಪಕ್ಕಪಕ್ಕ ಇಟ್ಟು ಹೋಲಿಸಬೇಡಿ.

ಈಗ ಈ ಮಫ್ ನೋಡಿ, ಹಿಂದಿನ ಸಾಲಿಗೂ ಕಾಣಲಿ ಅಂತ ಎತ್ತಿ ಹಿಡಿದಿದ್ದೇನೆ. ಕುಶನ್ ಒತ್ತಿದರೆ ಮೆತ್ತಗಿಲ್ಲ, ಬೆವರು ಕುಡಿದು ಗಟ್ಟಿಯಾಗಿದೆ. ಕೆಳಗಡೆ, ದವಡೆಗೆ ತಾಗುವ ಕಡೆ, ಕೂದಲೆಳೆಯಷ್ಟು ಬಿರುಕು. ಸದ್ದು ನುಗ್ಗೋಕೆ ಅಷ್ಟು ಸಾಕು. ಕನ್ನಡಕದ ದಪ್ಪ ಕಡ್ಡಿಯೂ ಇದನ್ನೇ ಮಾಡುತ್ತದೆ, ಕುಶನ್ನಿನ ಕೆಳಗೆ ಸಂದಿ ಬಿಡಿಸುತ್ತದೆ. ಕಡ್ಡಿ ತೆಳ್ಳಗಿರಲಿ, ಕುಶನ್ ಅಗಲವಾಗಿ ಮೆತ್ತಗಿರಲಿ. ಬಿಗಿ ಅಂತ ಹೆಡ್‌ಬ್ಯಾಂಡನ್ನು ಎಳೆದು ಅಗಲಿಸುವವರು ಇಲ್ಲೂ ಇದ್ದೀರಿ, ಗೊತ್ತು. ಆ ಬಿಗಿಯೇ ಮಫ್ಫಿನ ಕೆಲಸ. ತಲೆ ನೋಯುತ್ತದೆ ಅಂದರೆ ಬೇರೆ ಮಾದರಿ ಕೇಳಿ. ನೋಯುವ ಮಫ್ಫನ್ನು ಯಾರೂ ಶಿಫ್ಟ್ ಪೂರ್ತಿ ಇಟ್ಟುಕೊಳ್ಳಲ್ಲ. ಮತ್ತೆ ನನ್ನ ಮಾತಿಗೇ ಬಂದೆ ನೋಡಿ!

ಟೈಮ್ ಆಯಿತು ಅಂತ ಚೀಟಿ ಬಂದಿದೆ. ಬೇಗ ಮುಗಿಸುತ್ತೇನೆ. ಹೆಲ್ಮೆಟ್ ಹಾಕುವವರು ಅದಕ್ಕೆ ಕೂರುವ ಮಫ್ಫನ್ನೇ ತಗೊಳ್ಳಿ. ತುಂಬಾ ಸದ್ದಿರುವ ಕಡೆ ಕಿವಿಯೊಳಗೆ ತೂರಿಸುವ ಪ್ಲಗ್, ಮೇಲೆ ಮಫ್ ಹಾಕಿ. ಆದರೆ ಎರಡರ ನಂಬರನ್ನು ಕೂಡಿಸಬೇಡಿ, ಹೆಚ್ಚಿಗೆ ಸಿಗುವುದು 5ರಿಂದ 10 ಡೆಸಿಬಲ್ ಅಷ್ಟೇ. ಮಷಿನ್ನಿನ ಸದ್ದನ್ನೇ ತಗ್ಗಿಸುವ ವಿಚಾರ ಬರೆದು ತಂದಿದ್ದೆ. ನಿಜವಾಗಿ ಮೊದಲು ಆಗಬೇಕಾದ್ದು ಅದು. ಅದಕ್ಕೇ ಇನ್ನೊಂದು ದಿನ ಬೇಕು.

ಆ ಮೇಜಿನ ಮೇಲೆ ನಾಲ್ಕೈದು ಮಾದರಿ ಇಟ್ಟಿದ್ದೇವೆ. ನಿಮ್ಮ ಕನ್ನಡಕ, ಹೆಲ್ಮೆಟ್ ಸಮೇತ ಹಾಕಿ ನೋಡಿ. ಒಂದು ನಿಮಿಷಕ್ಕೆ ತೆಗೆಯಬೇಡಿ. ಪ್ರಶ್ನೆ ಕೇಳುವವರು ಅಲ್ಲಿಗೇ ಬನ್ನಿ, ನಾನೂ ಇರುತ್ತೇನೆ.